ಯಾರ ಮಗಳವ್ವ ಇಕಿ?

ನನಗೆ ಸಿಟ್ಟು ತರಿಸುವ ಸಂಗತಿಗಳು ಈ ಲೋಕದಲ್ಲಿ ಮೊದಲೇ ಬೇಕಾದಷ್ಟಿವೆ. ಬಸ್ಸಿನಲ್ಲಿ ಹೆಂಗಸರ ಸೀಟಿನ ಮೇಲೆ ಕುಳಿತು ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುವ ಗಂಡಸರು. ಊಟಕ್ಕೆಂದು ಕರೆದು ಅವಲಕ್ಕಿ ಕೊಟ್ಟು ಕಳಿಸುವ ನೆಂಟರು. ನಿಮಗೆ ವಯಸ್ಸಾದ ಹಾಗೇ ಕಾಣುವುದಿಲ್ಲ ಎಂದು ಹೇಳುತ್ತಲೇ ಕೈಹಿಡಿದು ರಸ್ತೆ ದಾಟಿಸುವವರು. ಇವುಗಳ ಜೊತೆಗೆ ಮೊನ್ನೆ ಪಕ್ಕದ ಮನೆಯ ಸೊಸೆಯ ಮೊಬೈಲೂ ಸೇರಿಕೊಂಡಿತು.

ಆಕೆ ಒಳ್ಳೆಯ ಹುಡುಗಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಸರಿಗೆ ಹೆಪ್ಪು ಕೇಳಲು ಬಂದವಳು ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಹೀರೇಕಾಯಿ ಹೆರೆಯುತ್ತಿದ್ದೆ. ಅವಳ ಕೈಯಲ್ಲಿದ್ದ ಮೊಬೈಲು ಒಮ್ಮೆಲೇ ಹಾಡತೊಡಗಿತು. ಯಾವ ಹಾಡು ಎಂದು ನನಗೆ ಮೊದಲ ಸ್ವರಕ್ಕೇ ತಿಳಿಯಿತು. ನನ್ನ ಮುಖ ನೋಡಿ, ಹಾಡು ಹಿಡಿಸಿತೆಂದು ತಿಳಿದು, ಕರೆ ಮಾಡಿದವರನ್ನು ಕಾಯಲು ಬಿಟ್ಟು ಅವಳು ಪೂರ್ತಿ ಕೇಳಿಸಿದಳು. ಹಳೇ ಪಿಚ್ಚರಿನ ಹಾಡ್ರಿ ಕಾಕೂ, ನಿಮ್ಮ ಕಾಲದ್ದು ಎಂದಳು. ನಾನು ಹೆರೆಯುತ್ತಲೇ ಇದ್ದೆ. ಅವಳು ಹೋದ ಮೇಲೆ ನೋಡಿದರೆ ಕೈಯಲ್ಲಿ ಹೀರೇಕಾಯಿ ಬೆರಳಿನಷ್ಟು ಉಳಿದಿತ್ತು. ಅಂದು ನಮ್ಮ ಮನೆಯಲ್ಲಿ ಪಲ್ಯವಾಗಲಿಲ್ಲ, ಸಿಪ್ಪೆಯ ಚಟ್ನಿಯಾಯಿತು.

ಪಿಚ್ಚರಿನ ಹಾಡಂತೆ! ನನಗೆ ಹತ್ತಿದ ಉರಿ ಅದೇ. ಅದು ಪಿಚ್ಚರಿನ ಹಾಡಲ್ಲ. ಪಿಚ್ಚರು ಅದನ್ನು ಎತ್ತಿಕೊಂಡು ಹೋಗಿ, ಕೈಕಾಲು ಮುರಿದು, ಪೌಡರು ಬಳಿದು ತಂದು ನಮ್ಮೆದುರಿಗೇ ಕುಣಿಸಿದ ಹಾಡು. ಅಷ್ಟು ವರ್ಷಗಳ ಮೇಲೆ ಈಗ ಹುಯ್ಯಲಿಟ್ಟರೆ ಏನು ಬಂತು ಎಂದು ನೀವು ಕೇಳಬಹುದು. ನಮ್ಮ ಮನೆಯವರು ದಿನವೂ ಕೇಳುತ್ತಾರೆ. ಅವರಿಗೆ ಹೇಳದಿದ್ದುದನ್ನು ನಿಮಗೆ ಹೇಳುತ್ತೇನೆ, ಯಾಕೆಂದರೆ ನೀವು ನಡುವೆ ಎದ್ದು ಹೋಗಿ ಟಿ.ವಿ. ಹಚ್ಚುವವರಲ್ಲ.

ಹಾಗೆಂದು ನಾನು ಸಿನಿಮಾ ಹಾಡುಗಳ ವೈರಿ ಎಂದು ತಿಳಿಯಬೇಡಿ. ವೈರಿಯಾಗಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಇನ್ನಷ್ಟು ಅಂಕ ಬರುತ್ತಿದ್ದವು. ಬೆಳಗಾವಿಯ ಖಾಸಬಾಗದ ನಮ್ಮ ಮನೆಯಲ್ಲಿ ರೇಡಿಯೊ ಗೋಡೆಯ ಹಲಗೆಯ ಮೇಲೆ, ಕ್ರೋಶಾದ ಅಂಗಿ ತೊಟ್ಟು, ದೇವರ ಜಗಲಿಗಿಂತ ಒಂದು ಗೇಣು ಎತ್ತರದಲ್ಲಿ ಕುಳಿತಿತ್ತು. ಅದರಲ್ಲಿ ಕನ್ನಡ, ಹಿಂದಿ, ಮರಾಠಿ ಎಂಬ ಭೇದವಿಲ್ಲದೆ ಎಲ್ಲ ಹಾಡುಗಳನ್ನೂ ಕೇಳಿ, ಎಲ್ಲವನ್ನೂ ಒಂದೇ ಸಮನೆ ತಪ್ಪಾಗಿ ಹಾಡುತ್ತಿದ್ದೆ. ಸಾಲೆಯಲ್ಲಿ ಪದ್ಯ ಬಾಯಿಪಾಠ ಒಪ್ಪಿಸು ಎಂದರೆ ಯಾವ ಪದ್ಯವಾದರೂ ಅರ್ಧದಲ್ಲಿ ಯಾವುದಾದರೂ ಸಿನಿಮಾದ ಧಾಟಿಗೆ ಜಾರುತ್ತಿತ್ತು. ಕಲಿಸುವ ಬಾಯಿಯರು ನನ್ನನ್ನು ಕಿಟಕಿಯ ಬಾಜು ನಿಲ್ಲಿಸುತ್ತಿದ್ದರು. ಕಿಟಕಿಯ ಆಚೆ ಹೋಟೆಲ್ಲಿತ್ತು, ಹೋಟೆಲ್ಲಿನಲ್ಲಿ ರೇಡಿಯೊ ಇತ್ತು. ಶಿಕ್ಷೆಯಲ್ಲಿಯೂ ಇಷ್ಟು ಸುಖವಿರುತ್ತದೆ ಎಂದು ಪಾಪ ಆ ಬಾಯಿಯರಿಗೆ ಗೊತ್ತಿರಲಿಲ್ಲ.

ಈ ಹುಚ್ಚು ಹಿಡಿಸಿದವಳು ನಮ್ಮ ಚಿಗವ್ವ, ಮಹಾದೇವಿ. ಚಿಗವ್ವ ಎಂದರೆ ಮಲತಾಯಿ. ನಾನು ಸಣ್ಣ ಕೂಸಿದ್ದಾಗಲೇ ನಮ್ಮವ್ವ ತೀರಿಕೊಂಡಳು. ನನಗಿಂತ ತುಸು ದೊಡ್ಡವಳಾದ ಅಕ್ಕ ಶಕುಂತಲಾಗೆ ಅವ್ವನ ಮುಖ ಮಸುಕಾಗಿ ನೆನಪಿತ್ತು. ನನಗೆ ಅದೂ ಇಲ್ಲ. ನಮ್ಮಪ್ಪ ಕನ್ನಡ ಸಾಲೆಯ ಮಾಸ್ತರರು. ಹೆಣ್ಣುಮಕ್ಕಳನ್ನು ನೋಡುವವರು ಯಾರು ಎಂದು ಎಲ್ಲರೂ ಹೇಳಿದ್ದಕ್ಕೆ ಚಿಗವ್ವನನ್ನು ಮಾಡಿಕೊಂಡರು. ಆಕೆಗೆ ಮಕ್ಕಳಾಗಲಿಲ್ಲ. ಸಿನಿಮಾದ ಮಲತಾಯಿಯರ ಹಾಗೆ ಆಕೆ ನಮಗೆ ಬರೆ ಹಾಕಲಿಲ್ಲ, ಉಪವಾಸ ಕೆಡವಲಿಲ್ಲ. ತಾನೂ ಅಂಥ ಸಿನಿಮಾ ನೋಡಿ, ನಮ್ಮ ಬಾಜು ಕುಳಿತು, ಆ ಮಲತಾಯಿಯನ್ನು ಬಾಯ್ತುಂಬ ಬಯ್ಯುತ್ತಿದ್ದಳು. ಬೇಸಿಗೆಯ ಮಧ್ಯಾಹ್ನ ಮ್ಯಾಟಿನಿಯಲ್ಲಿ ಹೆಂಗಸರ ಬಾಕಿನ ಮೇಲೆ ನಾವು ಮೂವರೂ ಒಂದೇ ಸೆರಗಿಗೆ ಕಣ್ಣು ಒರೆಸಿಕೊಂಡಿದ್ದೇವೆ. ಆದರೂ ಆಕೆಗೂ ನಮಗೂ ನಡುವೆ ಏನೋ ಒಂದು ಎಳೆ ಬಿಗಿಯಾಗಿಯೇ ಇತ್ತು. ಏನೆಂದು ಕೇಳಿದರೆ, ಆ ಮನೆಯಲ್ಲಿ ನಮ್ಮವ್ವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅಪ್ಪ ಎತ್ತುತ್ತಿರಲಿಲ್ಲ, ಅದು ರೂಢಿ. ಚಿಗವ್ವ ಎತ್ತುತ್ತಿರಲಿಲ್ಲ, ಬಹುಶಃ ಸಂಕೋಚ. ನೆರೆಯವರು ಮಾತ್ರ ಎತ್ತುತ್ತಿದ್ದರು, ಆದರೆ ಹೆಸರು ಹಿಡಿದಲ್ಲ. 'ಮೊದಲಿನಾಕಿ' ಎನ್ನುತ್ತಿದ್ದರು. ಮೊದಲಿನಾಕಿ ಕಟ್ಟಿಸಿದ ಒಲೆ, ಮೊದಲಿನಾಕಿಯ ಮಕ್ಕಳು. ಹಡೆದು ಸತ್ತವಳಿಗೆ ಸಂಖ್ಯೆಯೊಂದೇ ಉಳಿಯಿತು. ಈ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವ್ವನ ಹೆಸರು ನೀಲವ್ವ. ಅದನ್ನು ನಾನು ಕೇಳಿದ್ದು ಖಾನಾಪುರದಲ್ಲಿ, ಒಂದು ಹಾಡಿನೊಳಗೆ.

ಖಾನಾಪುರದಲ್ಲಿ ನಮ್ಮ ದೊಡ್ಡವ್ವ ಇದ್ದಳು. ಗೌರವ್ವ, ನಮ್ಮವ್ವನ ಅಕ್ಕ. ಸಾಲೆಗೆ ಸೂಟಿ ಬಿಟ್ಟ ಮರುದಿನವೇ ನಾನೂ ಶಕುಂತಲಾನೂ ಪ್ಯಾಸೆಂಜರ್ ಗಾಡಿ ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ಆ ಗಾಡಿ ದೇಸೂರಿನಲ್ಲಿ ಒಂದು ಸಲ, ಮನಸ್ಸು ಬಂದಲ್ಲಿ ನಾಲ್ಕು ಸಲ ನಿಲ್ಲುತ್ತಿತ್ತು. ಊರು ಹತ್ತಿರವಾದಂತೆ ಹಂಚಿನ ಭಟ್ಟಿಗಳ ಹೊಗೆ ಕಾಣುತ್ತಿತ್ತು, ಮೂಗಿಗೆ ಸುಟ್ಟ ಮಣ್ಣಿನ ವಾಸನೆ ಬರುತ್ತಿತ್ತು. ದೊಡ್ಡವ್ವನ ಗಂಡ ಹಂಚಿನ ವ್ಯಾಪಾರದವರು. ಅವರ ಮನೆಯಲ್ಲಿ ಅಂಗಳ, ಕಟ್ಟೆ, ಬೆಕ್ಕು ಎಲ್ಲವೂ ಒಂದು ನಮೂನೆಯ ಕೆಂಪಾಗಿದ್ದವು. ಸೂಟಿ ಮುಗಿಸಿ ಬಂದ ಮೇಲೆ ನಮ್ಮ ಬಿಳಿ ಲಂಗಗಳೂ ಕೆಂಪಾಗಿರುತ್ತಿದ್ದವು. ಚಿಗವ್ವ ಅವನ್ನು ಕಲ್ಲಿಗೆ ಬಡಿದು ಬಡಿದು ಒಗೆಯುತ್ತಿದ್ದಳೇ ಹೊರತು ಖಾನಾಪುರದ ಬಗ್ಗೆ ಒಂದು ಮಾತು ಆಡುತ್ತಿರಲಿಲ್ಲ. ದೊಡ್ಡವ್ವನೂ ಅಷ್ಟೇ. ಬೆಳಗಾವಿಗೆ ಬಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ನಮ್ಮ ಗಲ್ಲ ಹಿಂಡಿ ಹೋಗುತ್ತಿದ್ದಳು. ಒಳಗೆ ಬಂದು ತಂಗಿಯ ಒಲೆಯ ಮುಂದೆ ಬೇರೆಯವಳನ್ನು ನೋಡುವುದು ಆಕೆಗೆ ಆಗುತ್ತಿರಲಿಲ್ಲ.

ದೊಡ್ಡವ್ವ ಆ ಸುತ್ತಿನಲ್ಲಿ ಹೆಸರಾದ ಹಾಡುಗಾರ್ತಿ. ನಂದಗಡದ ತನಕ ಲಗ್ನಗಳಿಗೆ ಆಕೆಗೆ ಕರೆ ಬರುತ್ತಿತ್ತು. ನಮ್ಮ ಕಡೆ ಲಗ್ನದಲ್ಲಿ ಸುರಗಿ ಎಂದು ಮಾಡುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವಕ್ಕೆ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ, ಎಣ್ಣೆ ಅರಿಷಿಣ ಹಚ್ಚಿ ನೀರು ಹಾಕುವುದು. ಆಗ ಗಂಡಿನ ಕಡೆಯ ಹೆಂಗಸರು ಹಾಡಿನಲ್ಲಿ ಕೇಳುತ್ತಾರೆ:

ನೀರೀಗಿ ಕುಂತಾಳ, ನೆತ್ತೀಗಿ ಎಣ್ಣ್ಯಾಕಿ,
ಯಾರ ಮಗಳವ್ವ ಇಕಿ, ಹೇಳ.

ಇದಕ್ಕೆ ಹೆಣ್ಣಿನ ಕಡೆಯವರು ಉತ್ತರ ಕೊಡಬೇಕು. ಉತ್ತರದಲ್ಲಿ ಎರಡು ಹೆಸರು: ಮದುಮಗಳ ತಾಯಿಯದು, ತಾಯಿಯ ತಾಯಿಯದು. ಇಂಥವಳು ಹಡದಾಕಿ, ಇಂಥವಳು ಆಕಿಯ ತಾಯಿ, ಅವರ ಮಗಳವ್ವ ಇಕಿ, ಕೇಳ. ಒಂದು ಸಲ ಕೇಳುವುದು, ಒಂದು ಸಲ ಹೇಳುವುದು. ಹೇಳಿದ ಕೂಡಲೇ ನೆತ್ತಿಯ ಮೇಲೆ ನೀರು ಬೀಳುತ್ತದೆ. ಲಗ್ನಪತ್ರಿಕೆಯ ತುಂಬ ಅಪ್ಪ, ಅಜ್ಜ, ಕಾಕಾ, ಕಾಕಾನ ಹುದ್ದೆ, ಎಲ್ಲ ಗಂಡಸರೇ. ಮಂಟಪದಲ್ಲಿ ಮೈಕು ಹಿಡಿದು ಉಪಕಾರ ಸ್ಮರಿಸುವವರೂ ಗಂಡಸರ ಹೆಸರನ್ನೇ ಹೇಳುತ್ತಾರೆ. ಇಡೀ ಲಗ್ನದಲ್ಲಿ ಹಡೆದವಳ ಹೆಸರಿಗೆ ಇದ್ದ ಜಾಗ ಆ ಹಾಡೊಂದೇ. ಸಿನಿಮಾದವರಿಗೆ ಬೇಕಾದದ್ದೂ ಅದೇ ಹಾಡು ನೋಡಿ!

ಆ ಹಾಡನ್ನು ಸುಮ್ಮನೆ ಹಾಡು ಎಂದರೆ ದೊಡ್ಡವ್ವ ಹಾಡುತ್ತಿರಲಿಲ್ಲ. ಬೀಸುವಾಗ, ಕುಟ್ಟುವಾಗ ನೂರು ಹಾಡುತ್ತಿದ್ದಳು, ಇದನ್ನಲ್ಲ. ಮದುಮಗಳಿಲ್ಲದೆ ಯಾರ ಹೆಸರು ಇಟ್ಟು ಹಾಡಲಿ ಎನ್ನುತ್ತಿದ್ದಳು. ಅದಕ್ಕೇ ನಾನು ಒಂದು ಸೂಟಿಯಲ್ಲಿ ಅರಿವೆಯ ಗೊಂಬೆಯನ್ನು ತಂದು, ಇವಳ ಲಗ್ನ, ಈಗ ಹಾಡು ಎಂದು ಆಕೆಯ ಮುಂದೆ ಕುಳಿತೆ. ದೊಡ್ಡವ್ವ ನಗಲಿಲ್ಲ. ಸುತ್ತ ನಾಲ್ಕು ಲೋಟ ಇಟ್ಟು, ನೂಲು ಸುತ್ತಿ, ಗೊಂಬೆಯ ತಲೆಗೆ ನಿಜವಾಗಿ ಎಣ್ಣೆ ಹಚ್ಚಿದಳು. ಇದರ ತಾಯಿ ಯಾರು ಎಂದಳು. ನಾನು ಎಂದೆ. ಆಕೆ ಹಾಡಿದಳು: ಸುಮಿತ್ರಾ ಹಡದಾಕಿ, ನೀಲವ್ವ ಆಕಿಯ ತಾಯಿ. ನನಗೆ ಎರಡನೆಯ ಹೆಸರು ಯಾರದೆಂದು ತಿಳಿಯಲಿಲ್ಲ. ಕೇಳಿದೆ. ನಿಮ್ಮವ್ವ ಎಂದಳು. ಆ ಸೂಟಿಯಲ್ಲಿ ಗೊಂಬೆಯ ಲಗ್ನ ದಿನವೂ ಆಯಿತು. ಎಣ್ಣೆ ಕುಡಿದು ಕುಡಿದು ಅದರ ತಲೆ ಕೊಳೆತು ಹೋಯಿತು.

ಬಾಜು ಮನೆಯಲ್ಲಿ ಸುಮನಬಾಯಿ ಎಂಬ ಮರಾಠಿ ಹೆಂಗಸು ಇದ್ದಳು. ಈ ಧಾಟಿ ತಮ್ಮದು ಎಂದು ಆಕೆಯ ವಾದ. ಅವರಲ್ಲಿಯೂ ಅರಿಷಿಣ ಹಚ್ಚುವಾಗ 'ಹೀ ಕುಣಾಚೀ ಲೇಕ', ಇವಳು ಯಾರ ಮಗಳು, ಎಂದು ಇದೇ ಏರಿಳಿತದಲ್ಲಿ ಕೇಳುತ್ತಾರಂತೆ. ದೊಡ್ಡವ್ವ, ಇರಲೇಳು, ನಿಮ್ಮಲ್ಲೂ ಹೆಣ್ಣಮಕ್ಕಳು ಹಡಿತಾರಲ್ಲ ಎಂದು ಮಾತು ಮುಗಿಸುತ್ತಿದ್ದಳು. ನಮ್ಮ ಭಾಗದಲ್ಲಿ ಯಾವುದು ಯಾರದು ಎಂಬುದಕ್ಕೆ ಏನೇನು ಜಗಳ ಆಗುತ್ತವೆಂದು ನಿಮಗೆ ಗೊತ್ತು. ಈ ಹಾಡಿಗೆ ಮಾತ್ರ ಯಾರೂ ಜಗಳವಾಡಲಿಲ್ಲ. ಇದು ನನ್ನದು ಎಂದು ಮೊದಲು ಬರೆಸಿಕೊಂಡವರು ದೂರದ ಮದ್ರಾಸಿನಲ್ಲಿ ಕುಳಿತಿದ್ದರು.

ಅಲ್ಲಿಗೆ ಅದು ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ಎಪ್ಪತ್ತರ ದಶಕದ ನಡುವೆ ಒಂದು ದಿನ ರೇಡಿಯೊದಲ್ಲಿ ಬಂದುಬಿಟ್ಟಿತು. ಮೊದಲ ಸ್ವರ ಕೇಳಿದ್ದೇ ನಾನೂ ಶಕುಂತಲಾನೂ ತಾಟು ಬಿಟ್ಟು ಎದ್ದೆವು. ದೊಡ್ಡವ್ವನ ಹಾಡು ರೇಡಿಯೊದಲ್ಲಿ! ನಾನು ಎಂಜಲು ಕೈಯಲ್ಲೇ ಕುಣಿದೆ. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಧ್ವನಿ ಏರಿಸಿದಳು. ಆಮೇಲೆ ಶಬ್ದಗಳು ಕಿವಿಗೆ ಬಿದ್ದವು.

ಏನು ಮಾಡಿದ್ದರು ಗೊತ್ತೇ? ಗಂಡಿನ ಕಡೆಯ ಹತ್ತು ಹೆಂಗಸರು ಕೇಳುವ ಪ್ರಶ್ನೆಯನ್ನು ಒಬ್ಬ ಹುಡುಗನ ಬಾಯಿಗೆ ಹಾಕಿದ್ದರು. 'ಯಾರ ಮಗಳೇ ನೀನು, ಹೇಳೇ' ಎಂದು ಅವನು ಕೇಳುವುದು, 'ಮಾಲತಿ ನಾನು, ಮಲ್ಲಿಗೆ ಜೇನು, ಕೇಳೋ' ಎಂದು ಅವಳು ಹೇಳುವುದು. ಮಲ್ಲಿಗೆಗೂ ಜೇನಿಗೂ ಈ ಪ್ರಶ್ನೆಗೂ ಏನು ಸಂಬಂಧ? ತಾಯಿ ಹೋದಳು, ತಾಯಿಯ ತಾಯಿ ಹೋದಳು, ಎಣ್ಣೆ, ಅರಿಷಿಣ, ನೀರು ಎಲ್ಲ ಹೋಗಿ ಜೇನು ಬಂತು. ನಮ್ಮ 'ಇಕಿ'ಯನ್ನು ತೊಳೆದು, ಗಂಜಿ ಹಾಕಿ, ಇಸ್ತ್ರಿ ಹೊಡೆದು 'ನೀನು' ಮಾಡಿದ್ದರು. ಹಾಡು ಮುಗಿದ ಮೇಲೆ ರೇಡಿಯೊದವರು ಸಾಹಿತ್ಯ ಇಂಥವರು, ಸಂಗೀತ ಇಂಥವರು ಎಂದು ಎರಡು ಗಂಡಸರ ಹೆಸರು ಹೇಳಿದರು. ಇಬ್ಬರು ತಾಯಂದಿರ ಹೆಸರಿದ್ದ ಜಾಗದಲ್ಲಿ! ನನಗೆ ಊಟ ಸೇರಲಿಲ್ಲ. ಚಿಗವ್ವನಿಗೆ ಮಾತ್ರ ಹಾಡು ಭಾರೀ ಹಿಡಿಸಿತು. ಮರುದಿನದಿಂದ ಆಕೆಯ ರೊಟ್ಟಿಗಳೆಲ್ಲ ಮಲ್ಲಿಗೆ ಜೇನಿನ ತಾಳಕ್ಕೆ ಬಡಿಸಿಕೊಂಡವು. ನಾನು ಆಕೆಯ ಮೇಲೆ ಒಳಗೊಳಗೇ ಹಲ್ಲು ಕಡಿದೆ.

ದೊಡ್ಡವ್ವನಿಗೆ ಆ ಸಿನಿಮಾ ತೋರಿಸಬೇಕೆಂದು ಅಪ್ಪನೇ ಹೇಳಿದರು. ಏನೇ ಅಂದರೂ ನಿಮ್ಮ ಹಾಡು, ನೋಡಿದರೆ ಹಿಗ್ಗಾಗುತ್ತದೆ ಎಂದು ಆಕೆಯನ್ನು ಒಪ್ಪಿಸಿದರು. ದೊಡ್ಡವ್ವ ಹೊಸ ಇಳಕಲ್ಲ ಸೀರೆ ಉಟ್ಟು, ಲಗ್ನಕ್ಕೆ ಹೊರಟವಳ ಹಾಗೆ ಬಂದಳು. ಹಾಡು ಬಂದಾಗ ಟಾಕೀಜಿನ ತುಂಬ ಸೀಟಿ. ಪರದೆಯ ಮೇಲೆ ಆ ಹುಡುಗಿ ಗಿಡದಿಂದ ಗಿಡಕ್ಕೆ ಓಡುವುದು, ಹುಡುಗ ಸೆರಗು ಹಿಡಿದು ಕೇಳುವುದು. ನಾನು ದೊಡ್ಡವ್ವನ ಮುಖ ನೋಡುತ್ತಿದ್ದೆ. ಆಕೆಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಸೋಜಿಗ. ಕನಿಕರದಿಂದ ನೋಡುತ್ತಿದ್ದಳು. ಹಾಡು ಮುಗಿದ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು:

"ಯಾರ ಮಗಳು ಅಂತ ಕೇಳಿದ್ರ ತನ್ನ ಹೆಸರ ಹೇಳಾಕತ್ತಾಳಲ್ಲs ಸುಮಿ. ಆ ಹುಡುಗಿಗಿ ತಾಯಿ ಇಲ್ಲೇನು?"

ಇಂಥ ಪ್ರಶ್ನೆ ಆ ಸಿನಿಮಾ ಮಾಡಿದವರಲ್ಲಿ ಒಬ್ಬರಿಗಾದರೂ ಹೊಳೆದಿತ್ತೇ?

ಮುಂದೆ ಆದದ್ದು ಇನ್ನೂ ಕೆಟ್ಟದ್ದು. ಖಾಸಬಾಗದ ರಸ್ತೆಗೆ ಕಾಲಿಟ್ಟರೆ ಸೈಕಲ್ಲಿನ ಮೇಲಿನ ಪುಂಡರೆಲ್ಲ 'ಯಾರ ಮಗಳೇ ನೀನು, ಹೇಳೇ' ಎಂದು ರಾಗ ಎಳೆಯತೊಡಗಿದರು. ಶಕುಂತಲಾ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ಆ ಹಾಡಿನ ಕಾಟಕ್ಕೆ ಹತ್ತಿರದ ದಾರಿ ಬಿಟ್ಟು ಊರೆಲ್ಲ ಸುತ್ತಿ ಹೋಗತೊಡಗಿದಳು. ನಾನು ಒಮ್ಮೆ ತಡೆಯಲಾರದೆ ನಿಂತು, ನೀನು ನಾಪಾಸಾದ ಸಾಲೆಯ ಮಾಸ್ತರರ ಮಗಳು ನಾನು ಎಂದು ಒಬ್ಬನಿಗೆ ಹೇಳಿದೆ. ಅವನು ಸೈಕಲ್ ಸಮೇತ ಮಾಯವಾದ. ನಾನು ದೊಡ್ಡ ಶೂರಳಂತೆ ಮನೆಗೆ ಬಂದೆ; ಬಂದ ಮೇಲೆ ನೀರಿನ ಕೊಡ ಕೆಡವಿದೆ. ಚಿಗವ್ವ ಅವರನ್ನೆಲ್ಲ ಹಿಂಡಲಗಾಕ್ಕೆ ಕಳಿಸಬೇಕು ಎಂದಳು. ನಮ್ಮೂರಿನಲ್ಲಿ ಹಿಂಡಲಗಾಕ್ಕೆ ಕಳಿಸುವುದೆಂದರೆ ಜೈಲಿಗೆ ಹಾಕಿಸುವುದು. ನನ್ನನ್ನು ಕೇಳಿದರೆ ಮೊದಲು ಕಳಿಸಬೇಕಾದವರು ಸೈಕಲ್ಲಿನವರಲ್ಲ. ತಾಯಿಯ ಹೆಸರು ಕೇಳುವ ಹಾಡನ್ನು ಬೀದಿಯಲ್ಲಿ ಹೆಣ್ಣುಮಕ್ಕಳ ಬೆನ್ನಟ್ಟುವ ಹಾಡು ಮಾಡಿಕೊಟ್ಟವರು ಯಾರೋ, ಅವರು.

ಆಮೇಲೆ ಲಗ್ನಗಳಿಗೂ ಅದು ಹೊಕ್ಕಿತು. ಸುರಗಿಯಲ್ಲಿ ಗಂಡಿನ ಕಡೆಯವರು ಪ್ರಶ್ನೆ ಎತ್ತಿದ್ದೇ ತಡ, ಹೆಣ್ಣಿನ ಕಡೆಯ ಹುಡುಗಿಯರೆಲ್ಲ ಒಂದೇ ಬಾಯಿಯಲ್ಲಿ 'ಮಾಲತಿ ನಾನು' ಎಂದುಬಿಡುತ್ತಿದ್ದರು. ಮದುಮಗಳು ಕಸ್ತೂರಿ ಇರಲಿ, ಪಾರ್ವತಿ ಇರಲಿ, ಎಣ್ಣೆ ಹಚ್ಚಿಕೊಂಡು ಕುಳಿತಾಗ ಎಲ್ಲರೂ ಮಾಲತಿ. ಒಂದು ಕಡೆಯಂತೂ ಮದುಮಗಳ ತಾಯಿ, ಹನ್ನೆರಡು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು, ತನ್ನ ಹೆಸರು ಬಿದ್ದುಹೋದದ್ದು ತಿಳಿಯದೆ ತಾನೂ ಚಪ್ಪಾಳೆ ತಟ್ಟುತ್ತಿದ್ದಳು. ದೊಡ್ಡವ್ವ ಹಳೆಯ ಹಾಗೆ ಹಾಡಿದರೆ, ನೀವು ತಪ್ಪು ಹಾಡಾಕತ್ತೀರಿ, ಅದು ಹಂಗಿಲ್ಲ ಎಂದು ಮೊಣಕಾಲೆತ್ತರದ ಹುಡುಗಿಯರು ತಿದ್ದತೊಡಗಿದರು. ಯಾರದೋ ಮನೆಯ ಬಾಗಿಲಲ್ಲಿ ನಿಂತು, ಈ ಮನೆ ನಿಮ್ಮದಲ್ಲ ಎಂದು ಮನೆಯವರಿಗೇ ಹೇಳಿದ ಹಾಗೆ. ದೊಡ್ಡವ್ವ ವಾದ ಮಾಡಲಿಲ್ಲ. ಕರೆ ಬಂದರೆ ಮೊಣಕಾಲು ನೋವು ಎಂದು ಹೇಳಿ ಕಳಿಸುವುದು ಕಲಿತಳು.

ಎಂಬತ್ತರ ದಶಕದ ಮೊದಲಲ್ಲಿ ಶಕುಂತಲಾಗೆ ನಂದಗಡದ ಗಂಡು ಗೊತ್ತಾಯಿತು. ಆ ಹೊತ್ತಿಗೆ ಹೊಸ ರೂಢಿ ಬಂದು, ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರಿನ ಬಾಜು ಚಿಗವ್ವನ ಹೆಸರು ಬಂತು. ಅವ್ವನ ಹೆಸರನ್ನೂ ಎಲ್ಲಿಯಾದರೂ ಒಂದು ಕಡೆ ಹಾಕಿಸೋಣ ಎಂದು ನಾನು ಅಂದೆ. ಶುಭಪತ್ರಿಕೆಯಲ್ಲಿ ತೀರಿಕೊಂಡವರ ಹೆಸರು ಬೇಡ ಎಂದರು ಅಪ್ಪ. ಅದೇ ಪತ್ರಿಕೆಯಲ್ಲಿ ಅಪ್ಪನ ಅಪ್ಪ ದಿವಂಗತ ಎಂಬ ಬಿರುದಿನ ಜೊತೆಗೆ ಮೇಲೆಯೇ ಕುಳಿತಿದ್ದರು. ಅಪ್ಪನೊಡನೆ ನಾನು ಒಂದು ವಾರ ಮಾತು ಬಿಟ್ಟೆ. ಅವರಿಗೆ ಅದು ತಿಳಿದ ಹಾಗೆ ಕಾಣಲಿಲ್ಲ.

ಶಕುಂತಲಾ ಜಗಳವಾಡುವವಳಲ್ಲ. ಆದರೆ ಲಗ್ನ ಖಾನಾಪುರದಲ್ಲಿ, ತನ್ನ ಅಂಗಳದಲ್ಲಿ ಆಗಬೇಕು ಎಂದು ದೊಡ್ಡವ್ವ ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದ ದಿನ, ಆಕೆಯ ಕೈ ಹಿಡಿದು ಹೇಳಿದಳು:

"ಪತ್ರಿಕ್ಯಾಗ ಇರದಿದ್ರ ಬಿಡು ದೊಡ್ಡವ್ವ. ನನ್ನ ಸುರಗ್ಯಾಗ ಅವ್ವನ ಹೆಸರ ಒಂದs ಸಲ ಕೇಳಬೇಕು. ನೀನs ಹಾಡಬೇಕು."

ಹಾಡುತ್ತೇನೆ ಎಂದಳು ದೊಡ್ಡವ್ವ. ಮೊಣಕಾಲು ನೋವಿನ ಮಾತು ಎತ್ತಲಿಲ್ಲ.

ಲಗ್ನದ ದಿನ ಅಂಗಳದ ಮಾವಿನ ಗಿಡಕ್ಕೆ ಸ್ಪೀಕರ ಕಟ್ಟಿದ್ದರು. ಸ್ಪೀಕರಿನವನು ಬೆಳಗಿನಿಂದ ಒಂದು ಪೆಟ್ಟಿಗೆ ರೆಕಾರ್ಡುಗಳನ್ನು ಮುಂದಿಟ್ಟುಕೊಂಡು, ಇಡೀ ಖಾನಾಪುರವೇ ತನ್ನ ಬೀಗರು ಎಂಬಂತೆ ಹಾಡು ಹಚ್ಚುತ್ತಿದ್ದ. ಸುರಗಿ ಮುಗಿಯುವ ತನಕ ಬಂದ್ ಇಡು ಎಂದು ನಾನು ಅವನಿಗೆ ಹೇಳಿ ಬಂದೆ. ಅವನು ಬಂದ್ ಇಟ್ಟ ಕೂಡ. ಚಿಗವ್ವ ಆ ಮನೆಗೆ ಕಾಲಿಟ್ಟದ್ದು ಅದೇ ಮೊದಲ ಸಲ. ಕೆಲಸವೆಲ್ಲ ಮೈಮೇಲೆ ಹಾಕಿಕೊಂಡು ಮಾಡುತ್ತಿದ್ದಳು, ಆದರೆ ಎಲ್ಲಿಯೂ ಕೂಡುತ್ತಿರಲಿಲ್ಲ. ಕುಂದರ್ರಿ ಎಂದು ದೊಡ್ಡವ್ವನೂ ಹೇಳಲಿಲ್ಲ. ಸುರಗಿಯ ಹೊತ್ತಿಗೆ ಹೆಂಗಸರೆಲ್ಲ ಸುತ್ತ ಕುಳಿತರೆ ಚಿಗವ್ವ ಅಡಿಗೆಮನೆಯ ಬಾಗಿಲಿಗೆ ಒರಗಿ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು.

ನೂಲು ಸುತ್ತಿದರು. ಶಕುಂತಲಾಳ ನೆತ್ತಿಗೆ ಎಣ್ಣೆ ಇಟ್ಟರು. ನಂದಗಡದ ಬೀಗಿತಿ, ಹಳೆಯ ಕಾಲದ ಹೆಂಗಸು, ಒಳ್ಳೆಯ ಕಂಠದಲ್ಲಿ ಎತ್ತಿದಳು: ನೀರೀಗಿ ಕುಂತಾಳ, ನೆತ್ತೀಗಿ ಎಣ್ಣ್ಯಾಕಿ. ಶಕುಂತಲಾ ಕಣ್ಣು ಮುಚ್ಚಿದಳು. ದೊಡ್ಡವ್ವ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಮಾವಿನ ಗಿಡದಿಂದ ಹಾಡು ಸುರಿಯಿತು. ಹೆಂಗಸರು ಆ ಧಾಟಿ ಎತ್ತಿದ್ದು ಕಿವಿಗೆ ಬಿದ್ದದ್ದೇ, ಜೊತೆ ಕೊಡೋಣವೆಂದು ಸ್ಪೀಕರಿನವನು ಆ ರೆಕಾರ್ಡನ್ನು ಹುಡುಕಿ ತೆಗೆದು ಹಚ್ಚಿದ್ದ! ಅವನ ಪ್ರಕಾರ ಅದು ಉಪಕಾರ. ಹುಡುಗಿಯರಿಗೆ ಇಷ್ಟು ಸಾಕಾಯಿತು. ಬೆಳಗಾವಿಯಿಂದ ಬಂದ ನಮ್ಮ ಓಣಿಯ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿ, ಮಾಲತಿ ನಾನು, ಮಲ್ಲಿಗೆ ಜೇನು, ಕೇಳೋ ಎಂದು ಕೂಗಿ ಮುಗಿಸಿದರು. ಎಲ್ಲರೂ ನಕ್ಕರು. ದೊಡ್ಡವ್ವನ ತೆರೆದ ಬಾಯಿ ಹಾಗೇ ಮುಚ್ಚಿತು. ಉತ್ತರ ಬಂದಾಯಿತಲ್ಲ, ಇನ್ನು ನೀರು ಹಾಕುವುದೇ ಎಂದು ಯಾರೋ ತಂಬಿಗೆ ಎತ್ತಿದರು. ಶಕುಂತಲಾ ಕಣ್ಣು ತೆರೆದು ದೊಡ್ಡವ್ವನನ್ನು ನೋಡಿದಳು. ನಾನು ಸ್ಪೀಕರಿನ ಕಡೆ ಓಡಿದೆ. ಓಡುವಾಗಲೇ ಬೆನ್ನ ಹಿಂದೆ ಚಿಗವ್ವನ ಧ್ವನಿ ಕೇಳಿತು.

"ನೀರ ಹಾಕಬ್ಯಾಡ್ರಿ. ಯಾವ ಮಾಲತಿ? ನಮ್ಮ ಮನ್ಯಾಗ ಮಾಲತಿ ಅನ್ನಾಕಿ ಯಾರೂ ಇಲ್ಲ."

ನಾನು ರೆಕಾರ್ಡಿನ ಮುಳ್ಳು ಎತ್ತಿ ಹಿಂದೆ ತಿರುಗಿದೆ. ಚಿಗವ್ವ ಸೌಟು ಹಿಡಿದುಕೊಂಡೇ ಹೆಂಗಸರ ನಡುವೆ ಬಂದು ನಿಂತಿದ್ದಳು. ಅವರ್ ಕೇಳ್ಯಾರ, ನಾವಿನ್ನೂ ಹೇಳಿಲ್ಲ ಎಂದಳು. ಹಾಗೆ ಹೇಳಿ ದೊಡ್ಡವ್ವನ ಕಡೆ ನೋಡಿದಳು. ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಚಿಗವ್ವ ತಾನೇ ಎತ್ತಿದಳು. ಆಕೆಗೆ ದೊಡ್ಡವ್ವನ ಧಾಟಿ ಎಲ್ಲಿಂದ ಬರಬೇಕು? ಬರುತ್ತಿದ್ದುದು ಸಿನಿಮಾದ್ದೇ. ಅದೇ ಜಾರುವ, ಬಳುಕುವ, ನನಗೆ ಮೈಯೆಲ್ಲ ಉರಿಯುವ ಧಾಟಿಯಲ್ಲಿ, ಒಂದಿಷ್ಟೂ ನಾಚದೆ ಹಾಡಿದಳು: ನೀಲವ್ವನ ಮಗಳು, ಈಕೆ, ಕೇಳೋ. ನಂದಗಡದ ಹಿರಿಯ ಬೀಗಿತಿಗೆ 'ಕೇಳೋ' ಎಂದಳು. ಯಾರೂ ನಗಲಿಲ್ಲ.

ಆ ಹೆಸರನ್ನು ಚಿಗವ್ವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಅದು ಆಕೆಗೆ ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಶಕುಂತಲಾಳ ಗಲ್ಲದ ಮೇಲೆ ಎಣ್ಣೆಯೂ ಕಣ್ಣೀರೂ ಕೂಡಿ ಇಳಿದವು. ನನಗೂ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ನಮ್ಮವ್ವನ ಹೆಸರು ಕೊನೆಗೆ ಬಂದದ್ದು ಆ ಹಾಳು ಸಿನಿಮಾದ ಧಾಟಿಯಲ್ಲಿಯೇ ಆಗಬೇಕಿತ್ತೇ? ಈ ಎರಡರಲ್ಲಿ ಯಾವುದನ್ನು ಮೊದಲು ಮಾಡಲಿ ಎಂದು ತಿಳಿಯದೆ ರೆಕಾರ್ಡಿನ ಮುಳ್ಳು ಹಿಡಿದು ಪೆದ್ದಿಯ ಹಾಗೆ ನಿಂತೆ.

ಉತ್ತರ ಇನ್ನೂ ಅರ್ಧ ಬಾಕಿ ಇತ್ತು. ಎರಡನೆಯ ಹೆಸರು, ನಮ್ಮವ್ವನ ತಾಯಿಯದು, ನಿಂಗವ್ವ ಎಂದು ಬರಬೇಕು. ಅದು ಚಿಗವ್ವನಿಗೆ ಗೊತ್ತಿರಲಿಲ್ಲ. ಆಕೆ ಅಲ್ಲಿಗೇ ನಿಂತಳು. ಎಲ್ಲರೂ ದೊಡ್ಡವ್ವನನ್ನು ನೋಡಿದರು. ದೊಡ್ಡವ್ವ ಚಿಗವ್ವನ ಕೈ ಹಿಡಿದು ಜಗ್ಗಿ ತನ್ನ ಬಾಜು ಕೂಡಿಸಿಕೊಂಡಳು. ಆಮೇಲೆ ಹಳೆಯ ಧಾಟಿಯಲ್ಲಿ ಮೊದಲಿನಿಂದ ಎತ್ತಿಕೊಂಡಳು:

ನೀಲವ್ವ ಹಡದಾಕಿ, ಮಾದೇವಿ ಹೆಳಲ ಹೆಣದಾಕಿ,
ಇಬ್ಬರ ಮಗಳವ್ವ ಇಕಿ, ಕೇಳ.

ಹೆಳಲು ಎಂದರೆ ಜಡೆ. ಸೂಟಿಗೆ ಬಂದ ನಮ್ಮಿಬ್ಬರ ಜಡೆಗಳನ್ನು ಪ್ರತಿ ಸಲ ಬಿಚ್ಚಿ ತಲೆ ಬಾಚುತ್ತಿದ್ದವಳು ದೊಡ್ಡವ್ವ. ಅವನ್ನು ಬೆಳಗಾವಿಯಲ್ಲಿ ಯಾರು ಅಷ್ಟು ಒಪ್ಪವಾಗಿ ಹೆಣೆದು ಕಳಿಸುತ್ತಾರೆಂದು ಆಕೆಯ ಬೆರಳಿಗೆ ಗೊತ್ತಿತ್ತು. ನಿಂಗವ್ವ ಎಂಬುದು ದೊಡ್ಡವ್ವನ ಸ್ವಂತ ತಾಯಿಯ ಹೆಸರು. ಅದನ್ನು ಎತ್ತಿ ಬದಿಗಿಟ್ಟು ಆ ಜಾಗದಲ್ಲಿ ಆಕೆ ಚಿಗವ್ವನನ್ನು ಕೂಡಿಸಿದ್ದಳು. ಸತ್ತವಳ ಹೆಸರನ್ನು ಅಂಜದೆ ಅಳುಕದೆ ಹಾಡಿದ ಚಿಗವ್ವ, ತನ್ನ ಹೆಸರು ಕೇಳಿದ್ದೇ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಡೆದವರ ಹೆಸರನ್ನಷ್ಟೇ ಹೇಳುವ ಹಾಡಿನಲ್ಲಿ ಮಕ್ಕಳಿಲ್ಲದ ಆಕೆಯ ಹೆಸರು ಎಂದೂ ಬರುವ ಹಾಗಿರಲಿಲ್ಲ.